ತೆಗೆದ ಗೋಲಿ ವಾಪಸ್ ಹಾಕಬೇಕಾ, ಬೇಡವಾ? ರ‍್ಯಾಂಡಮ್ ಸ್ಯಾಂಪಲಿಂಗ್‌ನಲ್ಲಿ ಯಾವಾಗ ಯಾವ ದಾರಿ

ಒಂದು ಚೀಲ. ಅದರಲ್ಲಿ ಹತ್ತು ಗೋಲಿ. ನಾಲ್ಕು ಕೆಂಪು, ಆರು ನೀಲಿ. ಕಣ್ಣು ಮುಚ್ಚಿ ಒಂದು ತೆಗೆದಿರಿ, ಕೆಂಪು ಬಂತು. ಈಗ ಇನ್ನೊಂದು ತೆಗೆಯಬೇಕು. ಕೈಯಲ್ಲಿರೋ ಗೋಲಿಯನ್ನು ಏನು ಮಾಡುತ್ತೀರಿ?

ವಾಪಸ್ ಹಾಕಿ ಚೀಲ ಚೆನ್ನಾಗಿ ಕುಲುಕಿದರೆ, ಮತ್ತೆ ಕೆಂಪು ಬರುವ ಸಾಧ್ಯತೆ 10ಕ್ಕೆ 4. ಜೇಬಿಗೆ ಹಾಕಿಕೊಂಡರೆ 9ಕ್ಕೆ 3. ಮೊದಲನೆಯ ಚೀಲಕ್ಕೆ ನೆನಪಿಲ್ಲ. ಎರಡನೆಯದಕ್ಕೆ ಇದೆ. ಪಾಠದ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಸ್ವತಂತ್ರ ಆಯ್ಕೆ, ಎರಡನೆಯದು ಅವಲಂಬಿತ ಆಯ್ಕೆ.

ಇದನ್ನು ಕಲಿಯುವಾಗ ನಮ್ಮ ತಲೆಯಲ್ಲಿ ಒಂದು ಭಾವನೆ ಕೂತುಬಿಡುತ್ತದೆ. ಸ್ವತಂತ್ರ ಅಂದರೆ ಶುದ್ಧ, ಅವಲಂಬಿತ ಅಂದರೆ ಏನೋ ಕಲಬೆರಕೆ ಅಂತ. ಸೂತ್ರಗಳೂ ಹಾಗೇ ಶುರುವಾಗುತ್ತವಲ್ಲ, "ಇವೆಲ್ಲ ಸ್ವತಂತ್ರ ಎಂದುಕೊಳ್ಳೋಣ" ಅಂತ. ನನ್ನ ಪ್ರಕಾರ ಆ ಭಾವನೆ ಅರ್ಧ ತಪ್ಪು. ಒಂದು ಆಯ್ಕೆ ಮುಂದಿನದನ್ನು ಎಳೆಯುತ್ತಿದೆಯಾ ಅಂತ ಕೇಳಿದರೆ ಸಾಲದು. ಯಾವ ಕಡೆಗೆ ಎಳೆಯುತ್ತಿದೆ ಅಂತಲೂ ಕೇಳಬೇಕು. ಕೆಂಪು ಗೋಲಿ ತನ್ನಂಥ ಕೆಂಪನ್ನೇ ಕರೆದುಕೊಂಡು ಬರುತ್ತಿದ್ದರೆ ನಿಮಗೆ ನಷ್ಟ. ತನ್ನಂಥದ್ದನ್ನು ದೂರ ತಳ್ಳುತ್ತಿದ್ದರೆ ಲಾಭ. ಈ ಒಂದು ಅಳತೆಗೋಲು ಇಟ್ಟುಕೊಂಡು ಸ್ಯಾಂಪಲ್ ತೆಗೆಯುವ ಬೇರೆ ಬೇರೆ ದಾರಿಗಳನ್ನು ನೋಡೋಣ.

ಮೊದಲು ಎತ್ತಿದವರಿಗೆ ಲಾಭವಾ?

ಅದಕ್ಕೂ ಮುಂಚೆ ಒಂದು ಗೊಂದಲ ಬಿಡಿಸಬೇಕು. ಚೀಟಿ ಎತ್ತುವಾಗ ಜಗಳ ನೋಡಿದ್ದೀರಲ್ವಾ? "ನಾನು ಮೊದಲು, ಆಮೇಲೆ ಎತ್ತಿದರೆ ಒಳ್ಳೆಯದೆಲ್ಲ ಹೋಗಿಬಿಟ್ಟಿರುತ್ತೆ" ಅಂತ. ಲೆಕ್ಕ ಹಾಕಿ ನೋಡಿ. ಅದೇ ಹತ್ತು ಗೋಲಿ, ವಾಪಸ್ ಹಾಕುವ ಹಾಗಿಲ್ಲ. ಮೊದಲು ಒಬ್ಬರು ತೆಗೆದು ನಿಮಗೆ ತೋರಿಸದೆ ಮುಷ್ಟಿಯಲ್ಲಿ ಇಟ್ಟುಕೊಂಡರು. ಈಗ ನಿಮ್ಮ ಸರದಿ. ನಿಮಗೆ ಕೆಂಪು ಬರುವ ಸಾಧ್ಯತೆ ಎಷ್ಟು?

ಅವರಿಗೆ ಕೆಂಪು ಬಂದು ನಿಮಗೂ ಕೆಂಪು ಬರುವುದು 90ಕ್ಕೆ 12. ಅವರಿಗೆ ನೀಲಿ ಬಂದು ನಿಮಗೆ ಕೆಂಪು ಬರುವುದು 90ಕ್ಕೆ 24. ಎರಡೂ ಕೂಡಿದರೆ 90ಕ್ಕೆ 36, ಅಂದರೆ 10ಕ್ಕೆ 4. ಮೊದಲು ಎತ್ತಿದವರಿಗೆ ಇದ್ದಷ್ಟೇ. ಹತ್ತನೆಯವರಾಗಿ ಎತ್ತಿದರೂ ಅಷ್ಟೇ.

ಹಾಗಾದರೆ ಅವಲಂಬನೆ ಎಲ್ಲಿದೆ? ಆ ಮುಷ್ಟಿ ಬಿಚ್ಚುವುದರಲ್ಲಿದೆ. ಅವರು ಮುಷ್ಟಿ ಬಿಚ್ಚಿ ಕೆಂಪು ತೋರಿಸಿದ ಕ್ಷಣ ನಿಮ್ಮ ಸಾಧ್ಯತೆ 9ಕ್ಕೆ 3 ಆಗುತ್ತದೆ. ನೀಲಿ ತೋರಿಸಿದರೆ 9ಕ್ಕೆ 4. ಒಂದರ ಸುದ್ದಿ ತಿಳಿದಾಗ ಇನ್ನೊಂದರ ಲೆಕ್ಕ ಬದಲಾದರೆ ಅವಲಂಬನೆ ಇದೆ. ಬದಲಾಗದಿದ್ದರೆ ಸ್ವತಂತ್ರ. ಆಯ್ಕೆ ರ‍್ಯಾಂಡಮ್ ಆಗಿದೆಯಾ ಅನ್ನುವುದು ಬೇರೆ ಪ್ರಶ್ನೆ, ಆಯ್ಕೆಗಳು ಸ್ವತಂತ್ರವಾಗಿವೆಯಾ ಅನ್ನುವುದು ಬೇರೆ ಪ್ರಶ್ನೆ. ಈ ಎರಡನ್ನೂ ಒಂದೇ ಅಂದುಕೊಂಡು ಎಡವಿದವರೇ ಜಾಸ್ತಿ.

ವಾಪಸ್ ಹಾಕುವುದು, ಹಾಕದಿರುವುದು

ಈಗ ನಿಜವಾದ ಹೋಲಿಕೆಗೆ ಬರೋಣ. ನಿಮ್ಮ ಕೆಲಸ ಚೀಲದಲ್ಲಿ ಕೆಂಪು ಎಷ್ಟು ಪಾಲಿದೆ ಅಂತ ಊಹಿಸುವುದು. ಐದು ಗೋಲಿ ತೆಗೆಯಲು ಮಾತ್ರ ಅವಕಾಶ.

ವಾಪಸ್ ಹಾಕುತ್ತಾ ತೆಗೆದರೆ ಸರಾಸರಿ 2 ಕೆಂಪು ಬರುತ್ತದೆ. ವಾಪಸ್ ಹಾಕದಿದ್ದರೂ ಸರಾಸರಿ 2 ಕೆಂಪೇ. ಸರಾಸರಿಯಲ್ಲಿ ಯಾವ ಜಗಳವೂ ಇಲ್ಲ. ವ್ಯತ್ಯಾಸ ಇರುವುದು ಏರುಪೇರಿನಲ್ಲಿ. ವಾಪಸ್ ಹಾಕಿದಾಗ ಸ್ಟ್ಯಾಂಡರ್ಡ್ ಡೀವಿಯೇಷನ್ (ಏರುಪೇರಿನ ಅಳತೆ) ಸುಮಾರು 1.10. ಹಾಕದಿದ್ದಾಗ 0.82. ಅಂದರೆ "ಕಲಬೆರಕೆ" ದಾರಿಯೇ ಜಾಸ್ತಿ ನಿಖರ.

ಹತ್ತೂ ಸಲ ತೆಗೆದರೆ ಇದು ಇನ್ನೂ ಸ್ಪಷ್ಟ. ವಾಪಸ್ ಹಾಕದಿದ್ದರೆ ಚೀಲ ಖಾಲಿ, ನಾಲ್ಕು ಕೆಂಪೂ ಕಣ್ಣ ಮುಂದೆ, ಊಹಿಸಲು ಏನೂ ಉಳಿದಿಲ್ಲ. ವಾಪಸ್ ಹಾಕುತ್ತಾ ಹತ್ತು ಸಲ ತೆಗೆದರೆ? ಸರಾಸರಿ ಆರೂವರೆ ಬೇರೆ ಬೇರೆ ಗೋಲಿ ಮಾತ್ರ ನಿಮ್ಮ ಕೈಗೆ ಬಂದಿರುತ್ತವೆ. ಕೆಲವನ್ನು ಎರಡು ಮೂರು ಸಲ ನೋಡಿರುತ್ತೀರಿ, ಕೆಲವನ್ನು ನೋಡೇ ಇರುವುದಿಲ್ಲ. ಹತ್ತು ಸಲ ಕೈ ಹಾಕಿಯೂ ಕೆಂಪಿನ ಎಣಿಕೆಯಲ್ಲಿ ಒಂದೂವರೆಯಷ್ಟು ಏರುಪೇರು ಉಳಿದೇ ಇರುತ್ತದೆ. ನೋಡಿದ್ದನ್ನೇ ನೋಡಿದರೆ ಹೊಸದೇನು ತಿಳಿಯುತ್ತೆ?

ಇದರ ಹಿಂದಿನ ಕಾರಣ ಸರಳ. ಒಂದು ಕೆಂಪು ಹೊರಗೆ ಬಂದರೆ ಒಳಗೆ ಕೆಂಪು ಕಡಿಮೆಯಾಯಿತು. ಮುಂದಿನದು ನೀಲಿಯಾಗುವ ಕಡೆಗೆ ಸ್ವಲ್ಪ ವಾಲುತ್ತದೆ. ಒಂದು ಕಡೆ ಜಾಸ್ತಿ ಜಾರಿದ್ದನ್ನು ಚೀಲವೇ ಇನ್ನೊಂದು ಕಡೆಗೆ ಎಳೆದು ಸರಿದೂಗಿಸುತ್ತದೆ. ಯಾವುದೇ ಎರಡು ಆಯ್ಕೆಗಳ ನಡುವಿನ ಕೋರಿಲೇಷನ್, ಅಂದರೆ ಒಂದು ಇನ್ನೊಂದನ್ನು ಯಾವ ಕಡೆಗೆ ಎಷ್ಟು ಎಳೆಯುತ್ತದೆ ಅನ್ನುವ ಅಳತೆ, ಇಲ್ಲಿ ಮೈನಸ್ 1/9. ಚೀಲದಲ್ಲಿರುವ ಒಟ್ಟು ಗೋಲಿಗಳಿಂದ ಒಂದು ಕಳೆದು, ಅದರಿಂದ ಒಂದನ್ನು ಭಾಗಿಸಿ, ಮುಂದೆ ಮೈನಸ್ ಹಾಕಿದರಾಯಿತು. ಆ ಮೈನಸ್ಸೇ ಇಲ್ಲಿ ನಮ್ಮ ಗೆಳೆಯ.

ಈ ಲಾಭ ಎಷ್ಟು ದೊಡ್ಡದು? ಚೀಲದ ಎಷ್ಟು ಪಾಲು ತೆಗೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. 200 ಜನರ ಪಟ್ಟಿಯಿಂದ 100 ಜನರನ್ನು ವಾಪಸ್ ಹಾಕದೆ ಆರಿಸಿದರೆ ಅಂದಾಜಿನ ಏರುಪೇರು ಸುಮಾರು 29 ಶೇಕಡಾ ಕಮ್ಮಿಯಾಗುತ್ತದೆ. ಅದೇ ನಿಖರತೆ ವಾಪಸ್ ಹಾಕುವ ದಾರಿಯಲ್ಲಿ ಬೇಕೆಂದರೆ 199 ಸಲ ಎತ್ತಬೇಕು. ಹತ್ತನೇ ಒಂದು ಪಾಲು ತೆಗೆದರೆ ಲಾಭ ಬರೀ 5 ಶೇಕಡಾ. ಹತ್ತು ಲಕ್ಷದಲ್ಲಿ ಸಾವಿರ ತೆಗೆದರೆ 0.05 ಶೇಕಡಾ, ಅಂದರೆ ಇಲ್ಲವೇ ಇಲ್ಲ ಅನ್ನಬಹುದು. ಹತ್ತನೇ ಒಂದು ಪಾಲಿಗಿಂತ ಕಡಿಮೆ ತೆಗೆದಿದ್ದರೆ ಸ್ವತಂತ್ರ ಅಂತಲೇ ಲೆಕ್ಕ ಹಾಕಿ ಎನ್ನುವ ಕ್ಲಾಸ್‌ರೂಮ್ ನಿಯಮ ಬಂದಿರುವುದು ಇಲ್ಲಿಂದಲೇ. ಆಗ ಹೈಪರ್‌ಜಿಯೊಮೆಟ್ರಿಕ್ (ವಾಪಸ್ ಹಾಕದ) ಸೂತ್ರದ ಜಾಗದಲ್ಲಿ ಬೈನಾಮಿಯಲ್ (ವಾಪಸ್ ಹಾಕುವ) ಸೂತ್ರ ಬಳಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಏರುಪೇರಿಗೆ ವ್ಯತ್ಯಾಸ ಆಗದಿದ್ದರೂ ಪುನರಾವರ್ತನೆ ಆಗಬಹುದು, ಇದನ್ನು ಮರೆಯಬೇಡಿ. ಹತ್ತು ಲಕ್ಷದಿಂದ ವಾಪಸ್ ಹಾಕುತ್ತಾ ಸಾವಿರ ಸಲ ಎತ್ತಿದರೆ, ಯಾರಾದರೂ ಒಬ್ಬರ ಹೆಸರು ಎರಡು ಸಲ ಬರುವ ಸಾಧ್ಯತೆ ಸುಮಾರು 39 ಶೇಕಡಾ. 23 ಜನರ ಕೋಣೆಯಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಅನ್ನುವ ಒಗಟಿನ ಅಣ್ಣತಮ್ಮ ಇದು.

ಈ ವಿಷಯದಲ್ಲಿ ನನ್ನದೇ ಒಂದು ಎಡವಟ್ಟು ಇದೆ. 600 ಹೆಸರಿನ ಪಟ್ಟಿಯಿಂದ 200 ಜನರನ್ನು ಆರಿಸಿ ಫೋನ್ ಮಾಡಬೇಕಿತ್ತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ನಮ್‌ಪೈ ಲೈಬ್ರರಿಯಲ್ಲಿ ಒಂದೇ ಸಾಲಿನ ಕೋಡ್ ಬರೆದು, ಪಟ್ಟಿ ಕಳಿಸಿ, ಆರಾಮಾಗಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಫೋನ್ ಮಾಡುತ್ತಿದ್ದವರು ಬಂದು ಕೇಳಿದರು, "ಸಾರ್, ಇವರಿಗೆ ಬೆಳಿಗ್ಗೆ ಮಾಡಿದ್ವಿ, ಮತ್ತೆ ಮಾಡ್ಬೇಕಾ?" ತೆರೆದು ನೋಡಿದರೆ ಬೇರೆ ಬೇರೆ ಹೆಸರು ಇದ್ದದ್ದು 170ರ ಆಸುಪಾಸು. ನಮ್‌ಪೈಯ ಚಾಯ್ಸ್ ಎಂಬ ಆಜ್ಞೆ, ನೀವು ಏನೂ ಹೇಳದಿದ್ದರೆ, ವಾಪಸ್ ಹಾಕಿಯೇ ಎತ್ತುತ್ತದೆ. ಆರ್ ಭಾಷೆಯ ಸ್ಯಾಂಪಲ್ ಅದಕ್ಕೆ ಉಲ್ಟಾ, ಏನೂ ಹೇಳದಿದ್ದರೆ ವಾಪಸ್ ಹಾಕುವುದಿಲ್ಲ. ಪೈಥಾನ್‌ನ ಸ್ವಂತ ರ‍್ಯಾಂಡಮ್ ಮಾಡ್ಯೂಲಿನಲ್ಲಿ ಎರಡಕ್ಕೂ ಬೇರೆ ಹೆಸರು. ಚಾಯ್ಸಸ್ ವಾಪಸ್ ಹಾಕುತ್ತದೆ, ಸ್ಯಾಂಪಲ್ ಹಾಕುವುದಿಲ್ಲ. ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. 600ರಿಂದ 200 ಸಲ ವಾಪಸ್ ಹಾಕುತ್ತಾ ಎತ್ತಿದರೆ ಬರುವ ಬೇರೆ ಬೇರೆ ಹೆಸರುಗಳ ಸರಾಸರಿ ಸುಮಾರು 170.

ಹಾಗಾದರೆ ವಾಪಸ್ ಹಾಕುವ ದಾರಿ ಯಾವಾಗ ಬೇಕು? ದಾಳ, ನಾಣ್ಯ, ಕಂಪ್ಯೂಟರಿನಲ್ಲಿ ಮಾಡುವ ಅನುಕರಣೆ (ಸಿಮ್ಯುಲೇಷನ್), ಇವುಗಳಲ್ಲಿ ತೆಗೆದದ್ದು ಖರ್ಚಾಗುವುದೇ ಇಲ್ಲ. ಅಲ್ಲಿ ಬೇರೆ ದಾರಿಯೇ ಇಲ್ಲ. ಇನ್ನೊಂದು ಜಾಗ ಬೂಟ್‌ಸ್ಟ್ರ್ಯಾಪ್. 1979ರಲ್ಲಿ ಬ್ರ್ಯಾಡ್ಲಿ ಎಫ್ರಾನ್ ಮುಂದಿಟ್ಟ ವಿಧಾನ ಇದು. ನಿಮ್ಮ ಹತ್ತಿರ 50 ಅಳತೆಗಳಿವೆ, ಹೊಸದಾಗಿ ಮತ್ತೆ 50 ತರಲು ಆಗುವುದಿಲ್ಲ. ಆ 50ರಿಂದಲೇ ವಾಪಸ್ ಹಾಕುತ್ತಾ 50 ಸಲ ಎತ್ತಿ, ಸರಾಸರಿ ತೆಗೆದು, ಇದನ್ನೇ ಸಾವಿರಾರು ಸಲ ಮಾಡುತ್ತೀರಿ. ಸರಾಸರಿ ಎಷ್ಟು ಅಲುಗಾಡುತ್ತದೆ ಅಂತ ಗೊತ್ತಾಗುತ್ತದೆ. ಇಲ್ಲಿ ವಾಪಸ್ ಹಾಕದಿದ್ದರೆ ಪ್ರತಿ ಸಲವೂ ಅದೇ 50 ಅಳತೆ, ಅದೇ ಸರಾಸರಿ. ಅಲುಗಾಟವೇ ಇಲ್ಲ, ಕೆಲಸ ಶೂನ್ಯ. ಅಂದಹಾಗೆ, ಪ್ರತಿ ಸುತ್ತಿನಲ್ಲೂ ಮೂಲ ಅಳತೆಗಳಲ್ಲಿ ಸುಮಾರು 63 ಶೇಕಡಾ ಮಾತ್ರ ಕಾಣಿಸಿಕೊಳ್ಳುತ್ತವೆ. ಉಳಿದವು ಆ ಸುತ್ತಿಗೆ ರಜೆ.

ಸಮೀಕ್ಷೆ, ಸರಕಿನ ತಪಾಸಣೆ, ಸಮಿತಿಗೆ ಜನರ ಆಯ್ಕೆ, ಇವಕ್ಕೆಲ್ಲ ವಾಪಸ್ ಹಾಕಬೇಡಿ. ಒಬ್ಬರನ್ನೇ ಎರಡು ಸಲ ಕೇಳುವುದರಲ್ಲಿ ಅರ್ಥವಿಲ್ಲ. ಬಲ್ಬ್ ಸುಟ್ಟುಹೋಗುವ ತನಕ ಉರಿಸಿ ನೋಡುವ ಪರೀಕ್ಷೆಯಲ್ಲಂತೂ ವಾಪಸ್ ಹಾಕಲು ಏನೂ ಉಳಿದಿರುವುದಿಲ್ಲ.

ನೆನಪಿಲ್ಲದ ಚಕ್ರ, ನೆನಪಿರುವ ಇಸ್ಪೀಟು ಕಟ್ಟು

1913ರ ಆಗಸ್ಟ್ 18. ಮಾಂಟೆ ಕಾರ್ಲೊದ ಕ್ಯಾಸಿನೋದಲ್ಲಿ ರೂಲೆಟ್ ಚಕ್ರದ ಚೆಂಡು ಸತತ 26 ಸಲ ಕಪ್ಪಿಗೆ ಬಿತ್ತು. ಹದಿನೈದರ ಹೊತ್ತಿಗೇ ಜನ ಮುಗಿಬಿದ್ದು ಕೆಂಪಿನ ಮೇಲೆ ದುಡ್ಡು ಸುರಿಯತೊಡಗಿದರು. ಇಷ್ಟೊಂದು ಕಪ್ಪು ಬಂದ ಮೇಲೆ ಕೆಂಪು ಬರಲೇಬೇಕಲ್ಲ! ಕಳೆದುಕೊಂಡರು. 37 ಮನೆಗಳ ಚಕ್ರದಲ್ಲಿ 18 ಕಪ್ಪು. 26 ಸಲ ಸತತ ಕಪ್ಪು ಬರುವುದು ಸುಮಾರು 13.7 ಕೋಟಿಗೆ ಒಂದು ಸಲ, ನಿಜ. ಆದರೆ 25 ಆಗಲೇ ಬಂದಾಗಿದ್ದರೆ 26ನೆಯದು ಮತ್ತೆ 37ಕ್ಕೆ 18 ಅಷ್ಟೇ. ಚಕ್ರಕ್ಕೆ ಹಳೆಯ ಲೆಕ್ಕ ತೀರಿಸುವ ಹಂಗಿಲ್ಲ.

ಆ ಜನರ ತಪ್ಪು ಏನು ಅಂತ ಗಮನಿಸಿ. ಅವರು ಚಕ್ರವನ್ನು ವಾಪಸ್ ಹಾಕದ ಚೀಲದ ಹಾಗೆ ನೋಡಿದರು. ಕಪ್ಪು ಖರ್ಚಾಗುತ್ತಿದೆ, ಒಳಗೆ ಕೆಂಪು ಜಾಸ್ತಿ ಉಳಿದಿದೆ ಅಂದುಕೊಂಡರು. ಚೀಲದ ವಿಷಯದಲ್ಲಿ ಅದು ಸರಿಯಾದ ಯೋಚನೆಯೇ. ಆಟ ತಪ್ಪಾಗಿತ್ತು.

ಸರಿಯಾದ ಆಟ ಬ್ಲ್ಯಾಕ್‌ಜ್ಯಾಕ್. 52 ಎಲೆಯ ಕಟ್ಟಿನಿಂದ ಎರಡು ಎಕ್ಕ ಸತತ ಬರುವ ಸಾಧ್ಯತೆ, ಎಲೆ ವಾಪಸ್ ಹಾಕಿದರೆ 169ಕ್ಕೆ ಒಂದು, ಹಾಕದಿದ್ದರೆ 221ಕ್ಕೆ ಒಂದು. ಹೊರಬಂದ ಎಲೆ ಕಟ್ಟಿನ ಮುಂದಿನ ನಡೆಯನ್ನು ಬದಲಾಯಿಸುತ್ತದೆ. 1960ರ ದಶಕದ ಆರಂಭದಲ್ಲಿ ಗಣಿತದ ಪ್ರೊಫೆಸರ್ ಎಡ್ವರ್ಡ್ ಥಾರ್ಪ್ ಇದನ್ನೇ ಹಿಡಿದುಕೊಂಡರು. ಸಣ್ಣ ಎಲೆಗಳು ಜಾಸ್ತಿ ಹೊರಬಿದ್ದಿದ್ದರೆ ಉಳಿದ ಕಟ್ಟಿನಲ್ಲಿ ಹತ್ತು, ರಾಜ, ರಾಣಿ, ಎಕ್ಕ ತುಂಬಿರುತ್ತವೆ. ಅದು ಆಟಗಾರನಿಗೆ ಅನುಕೂಲ. ಆಗ ಮಾತ್ರ ದೊಡ್ಡ ಪಣ ಕಟ್ಟಬೇಕು. ಕ್ಯಾಸಿನೋಗಳು ಇದಕ್ಕೆ ಹಲವು ಕಟ್ಟು ಬೆರೆಸುವುದು, ಬೇಗ ಬೇಗ ಕಲಸುವುದು ಅಂತ ಉತ್ತರ ಕೊಟ್ಟವು. ಕೊನೆಗೆ ಆಡಿದ ಎಲೆಯನ್ನು ಕೂಡಲೇ ಒಳಗೆ ಹಾಕಿ ಕಲಸುತ್ತಲೇ ಇರುವ ಯಂತ್ರವೂ ಬಂತು. ಅಂದರೆ ದುಡ್ಡು ಖರ್ಚು ಮಾಡಿ, ವಾಪಸ್ ಹಾಕದ ಆಟವನ್ನು ವಾಪಸ್ ಹಾಕುವ ಆಟವನ್ನಾಗಿ ಮಾಡಿಕೊಂಡರು.

ತನ್ನಂಥದ್ದನ್ನೇ ಕರೆತರುವ ಅವಲಂಬನೆ

ಇಲ್ಲಿಯ ತನಕ ನೋಡಿದ ಅವಲಂಬನೆ ನಮ್ಮ ಪರವಾಗಿತ್ತು. ಈಗ ಕಾಡುವ ಜಾತಿ.

ಮಕ್ಕಳ ಓದಿನ ಮಟ್ಟ ತಿಳಿಯಬೇಕು. ಎಲ್ಲ ಕಡೆ ಚದುರಿರುವ 2,000 ಮಕ್ಕಳನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋಗುವುದು ಕಷ್ಟ. ಅದಕ್ಕೆ 100 ತರಗತಿಗಳನ್ನು ರ‍್ಯಾಂಡಮ್ ಆಗಿ ಆರಿಸಿ, ಪ್ರತಿಯೊಂದರಲ್ಲೂ 20 ಮಕ್ಕಳನ್ನು ಪರೀಕ್ಷಿಸುತ್ತೀರಿ. ಎಣಿಕೆಗೆ 2,000 ಆಯಿತು. ಆದರೆ ಒಂದು ತರಗತಿಯ ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಒಂದೇ ಕೋಣೆ, ಅಕ್ಕಪಕ್ಕದ ಮನೆಗಳು. ಒಬ್ಬಳು ಚೆನ್ನಾಗಿ ಓದಿದರೆ ಪಕ್ಕದವನೂ ಓದುವ ಸಾಧ್ಯತೆ ಜಾಸ್ತಿ. ಮೊದಲನೇ ಮಗುವಿನಿಂದ ಹೊಸ ಸುದ್ದಿ ಸಿಗುತ್ತದೆ, ಇಪ್ಪತ್ತನೇ ಮಗುವಿನಿಂದ ಹೆಚ್ಚಾಗಿ ಗೊತ್ತಿದ್ದದ್ದೇ.

ಇದನ್ನು ಅಳೆಯಲು ಡಿಸೈನ್ ಎಫೆಕ್ಟ್ ಅನ್ನುವ ಲೆಕ್ಕವಿದೆ. ಸಮೀಕ್ಷಾ ತಜ್ಞ ಲೆಸ್ಲಿ ಕಿಶ್ 1965ರಲ್ಲಿ ಇದನ್ನು ಬಳಕೆಗೆ ತಂದರು. ಗುಂಪಿನೊಳಗಿನ ಹೋಲಿಕೆಯನ್ನು (ಒಂದೇ ಗುಂಪಿನ ಇಬ್ಬರ ನಡುವಿನ ಕೋರಿಲೇಷನ್) ಗುಂಪಿನ ಗಾತ್ರದಿಂದ ಒಂದು ಕಳೆದು ಬಂದದ್ದರಿಂದ ಗುಣಿಸಿ, ಒಂದು ಕೂಡಿಸಿ. ಹೋಲಿಕೆ ಬರೀ 0.1 ಅಂದುಕೊಳ್ಳೋಣ. 19 ಗುಣಿಸು 0.1, ಕೂಡಿಸು 1, ಅಂದರೆ 2.9. ನಿಮ್ಮ 2,000 ಮಕ್ಕಳನ್ನು ಇದರಿಂದ ಭಾಗಿಸಿ. ಸುಮಾರು 690. ಎರಡು ಸಾವಿರ ಜನರನ್ನು ಕೇಳಿದ್ದೀರಿ, ಆದರೆ ನಿಮ್ಮ ಕೈಯಲ್ಲಿರುವ ಮಾಹಿತಿ 690 ಸ್ವತಂತ್ರ ಆಯ್ಕೆಗಳಷ್ಟು.

ಹಾಗಂತ ಗುಂಪಿನ ದಾರಿ ಕೆಟ್ಟದ್ದಾ? ನಾನು ಹಾಗೆ ಹೇಳುವುದಿಲ್ಲ. ಓಡಾಟದ ಖರ್ಚು ಉಳಿಯುತ್ತದೆ, ಆ ದುಡ್ಡಲ್ಲಿ ಇನ್ನಷ್ಟು ಗುಂಪು ಸೇರಿಸಬಹುದು. ಕಲಿಯಬೇಕಾದ್ದು ಜಾಸ್ತಿ ಗುಂಪು, ಗುಂಪಿಗೆ ಕಡಿಮೆ ಜನ ಅನ್ನುವುದು. 200 ತರಗತಿಗಳಲ್ಲಿ ತಲಾ 10 ಮಕ್ಕಳನ್ನು ತೆಗೆದುಕೊಂಡರೆ ಅದೇ 2,000 ಈಗ 1,050ಕ್ಕೆ ಸಮ. 400ರಲ್ಲಿ ತಲಾ 5 ಆದರೆ 1,430ರ ಹತ್ತಿರ. ನಿಜವಾದ ತಪ್ಪು ಅಂದರೆ ಗುಂಪಾಗಿ ತೆಗೆದು ಲೆಕ್ಕ ಮಾತ್ರ ಒಬ್ಬೊಬ್ಬರಾಗಿ ತೆಗೆದ ಹಾಗೆ ಹಾಕುವುದು. ಆಗ ಇಲ್ಲದ ನಿಖರತೆ ಇದೆ ಅಂತ ಕಾಣುತ್ತದೆ, ಇಲ್ಲದ ವ್ಯತ್ಯಾಸಗಳು "ಸಾಬೀತು" ಆಗುತ್ತವೆ.

ಇದಕ್ಕಿಂತ ಮೋಸ ಮಾಡುವುದು ಸಮಯದ ಸಾಲು. ಒಂದು ಸೆನ್ಸರ್ ಸೆಕೆಂಡಿಗೊಮ್ಮೆ ಕೋಣೆಯ ಉಷ್ಣತೆ ದಾಖಲಿಸುತ್ತದೆ. ಗಂಟೆಗೆ 3,600 ಅಂಕಿ. ಭರ್ಜರಿ ಡೇಟಾ ಅಲ್ವಾ? ಆದರೆ ಈ ಸೆಕೆಂಡಿನ ಉಷ್ಣತೆ ಹಿಂದಿನ ಸೆಕೆಂಡಿನದ್ದೇ. ಪಕ್ಕಪಕ್ಕದ ಎರಡು ಅಂಕಿಗಳ ಕೋರಿಲೇಷನ್ 0.99 ಇದ್ದು, ದೂರ ಹೋದಂತೆ ಅದೇ ಲೆಕ್ಕದಲ್ಲಿ ಇಳಿಯುತ್ತದೆ ಅಂದುಕೊಳ್ಳಿ. ಸರಾಸರಿಯ ಮಟ್ಟಿಗೆ ಸೂತ್ರ ಸುಲಭ. ಒಂದಕ್ಕೆ ಕೋರಿಲೇಷನ್ ಕೂಡಿಸಿ, 1.99. ಒಂದರಿಂದ ಅದನ್ನೇ ಕಳೆಯಿರಿ, 0.01. ಭಾಗಿಸಿದರೆ 199. ನಿಮ್ಮ 3,600 ಅಂಕಿಗಳನ್ನು 199ರಿಂದ ಭಾಗಿಸಿದರೆ ಉಳಿಯುವುದು 18. ಗಂಟೆ ಪೂರ್ತಿ ಅಳೆದು ಹದಿನೆಂಟು ಸ್ವತಂತ್ರ ಅಳತೆ! ಸೆನ್ಸರನ್ನು ಸೆಕೆಂಡಿಗೆ ಹತ್ತು ಸಲ ಅಳೆಯುವಂತೆ ಮಾಡಿದರೂ ಆ ಹದಿನೆಂಟು ಹೆಚ್ಚುಕಮ್ಮಿ ಹದಿನೆಂಟೇ. ಬೇಕಿದ್ದರೆ ಇನ್ನೊಂದು ಗಂಟೆ ಕಾಯಬೇಕು. ಇಂಥ ಸಾಲಿನ ಮೇಲೆ ಮಾಮೂಲಿ ಬೂಟ್‌ಸ್ಟ್ರ್ಯಾಪ್ ಕೂಡ ನಡೆಯುವುದಿಲ್ಲ. ಒಂದೊಂದೇ ಅಂಕಿ ಎತ್ತಿದರೆ ಸಾಲಿನ ನೆನಪು ಚೂರುಚೂರಾಗುತ್ತದೆ. ಉದ್ದುದ್ದ ತುಂಡುಗಳಾಗಿಯೇ ಎತ್ತಬೇಕು.

ಪ್ರತಿ ಏಳನೆಯದನ್ನು, ಪ್ರತಿ ಇಪ್ಪತ್ತನೆಯದನ್ನು ತೆಗೆಯುವ ಕ್ರಮಬದ್ಧ ಆಯ್ಕೆಯೂ ಒಂದಿದೆ. ಪಟ್ಟಿ ನಿಧಾನವಾಗಿ ಬದಲಾಗುವಂಥದ್ದಾದರೆ ಅದು ಬಲು ಚೆಂದ, ಎಲ್ಲ ಕಡೆಯಿಂದಲೂ ಒಂದೊಂದು ಬರುತ್ತದೆ. ಪಟ್ಟಿಗೇ ಒಂದು ಸುತ್ತು ಇದ್ದರೆ ಕೆಟ್ಟಿತು. ದಿನದ ದಾಖಲೆಯಲ್ಲಿ ಭಾನುವಾರದಿಂದ ಶುರು ಮಾಡಿ ಪ್ರತಿ ಏಳನೇ ದಿನ ಆರಿಸಿದರೆ ನಿಮಗೆ ಸಿಗುವುದು ಬರೀ ಭಾನುವಾರ.

ಮಾರ್ಕೊವ್ ಎಣಿಸಿದ 20,000 ಅಕ್ಷರ

ಸಮಯದ ಸಾಲು ಅಂದರೆ ಯಾವಾಗಲೂ ನಷ್ಟ ಅಂತ ತೀರ್ಮಾನಿಸುವ ಮೊದಲು ಮತ್ತೆ 1913ಕ್ಕೆ ಹೋಗೋಣ. ಮಾಂಟೆ ಕಾರ್ಲೊದ ಘಟನೆ ನಡೆದ ಅದೇ ವರ್ಷ, ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೊವ್ ಕವಿ ಪುಷ್ಕಿನ್‌ನ ಒಂದು ಕೃತಿಯ ಮೊದಲ 20,000 ಅಕ್ಷರಗಳನ್ನು ಕೈಯಾರೆ ಎಣಿಸಿದ ಲೆಕ್ಕ ಮಂಡಿಸಿದ. ದೊಡ್ಡ ಸ್ಯಾಂಪಲ್ ತೆಗೆದರೆ ಸರಾಸರಿ ಒಂದು ಕಡೆ ನೆಲೆ ನಿಲ್ಲುತ್ತದೆ ಅನ್ನುವ ಬೆರ್ನೂಲಿಯ ನಿಯಮ 1713ರದು. ಅದು ಸ್ವತಂತ್ರ ಆಯ್ಕೆಗಳಿಗೆ ಮಾತ್ರ ಸಲ್ಲುತ್ತದೆ ಅಂತ ಪಾವೆಲ್ ನೆಕ್ರಾಸೊವ್ ಎನ್ನುವವನು ವಾದಿಸಿದ್ದ. ಅವಲಂಬಿತ ಸಾಲುಗಳಿಗೂ ಸಲ್ಲುತ್ತದೆ ಅಂತ ಮಾರ್ಕೊವ್ ಕೆಲವು ವರ್ಷಗಳ ಹಿಂದೆಯೇ ಗಣಿತದಲ್ಲಿ ತೋರಿಸಿದ್ದ. ಈಗ ನಿಜವಾದ ಬರಹದಲ್ಲಿ ಹಿಡಿದು ತೋರಿಸಿದ.

ಆ ಅಕ್ಷರಗಳಲ್ಲಿ ಸ್ವರ 8,638, ವ್ಯಂಜನ 11,362. ಸುಮ್ನೆ ಒಂದು ಅಕ್ಷರ ಎತ್ತಿದರೆ ಸ್ವರ ಆಗುವ ಸಾಧ್ಯತೆ 0.432. ಆದರೆ ಹಿಂದಿನದು ಸ್ವರ ಅಂತ ಗೊತ್ತಿದ್ದರೆ ಅದು 0.128ಕ್ಕೆ ಬೀಳುತ್ತದೆ. ಹಿಂದಿನದು ವ್ಯಂಜನವಾದರೆ 0.663ಕ್ಕೆ ಏರುತ್ತದೆ. ಅಷ್ಟು ಗಾಢವಾದ ಅವಲಂಬನೆ. ಆದರೆ ದಿಕ್ಕು ನೋಡಿ. ಸ್ವರ ಇನ್ನೊಂದು ಸ್ವರವನ್ನು ತಳ್ಳುತ್ತದೆ. 0.128ರಿಂದ 0.663 ಕಳೆದರೆ ಕೋರಿಲೇಷನ್ ಮೈನಸ್ 0.535. ಸೆನ್ಸರಿಗೆ ಹಾಕಿದ ಅದೇ ಸೂತ್ರ ಹಾಕಿ. 0.465 ಭಾಗಿಸು 1.535, ಅಂದರೆ 0.3ರ ಹತ್ತಿರ. ಸ್ವರಗಳ ಎಣಿಕೆ ಸ್ವತಂತ್ರ ಆಯ್ಕೆಯಲ್ಲಿ ಎಷ್ಟು ಅಲುಗಾಡಬೇಕೋ, ಅದರ ವೇರಿಯನ್ಸ್‌ನ (ಸ್ಟ್ಯಾಂಡರ್ಡ್ ಡೀವಿಯೇಷನ್‌ನ ವರ್ಗ) ಮೂರನೇ ಒಂದಕ್ಕಿಂತ ಕಡಿಮೆ ಇಲ್ಲಿ. ಒಂದೊಂದು ಅಕ್ಷರವೂ ಮೂರು ಅಕ್ಷರದ ಕೆಲಸ ಮಾಡುತ್ತದೆ. ಸೆನ್ಸರ್‌ನಲ್ಲಿ 199 ಅಂಕಿ ಸೇರಿ ಒಂದರ ಕೆಲಸ ಮಾಡುತ್ತಿದ್ದವು. ಸೂತ್ರ ಒಂದೇ, ಬದಲಾದದ್ದು ಚಿಹ್ನೆ ಮತ್ತು ಗಾತ್ರ.

ಚೆನ್ನಾಗಿ ಕುಲುಕದಿದ್ದರೆ

ಮೇಲಿನ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ. ಚೀಲ ಸರಿಯಾಗಿ ಕುಲುಕಿದ್ದೀರಿ ಅನ್ನುವುದು.

1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಯಾರನ್ನು ಮೊದಲು ಸೇನೆಗೆ ಕರೆಯಬೇಕು ಅಂತ ಲಾಟರಿ ಎತ್ತಿದರು. ವರ್ಷದ 366 ದಿನಾಂಕಗಳನ್ನು ಒಂದೊಂದು ಪ್ಲಾಸ್ಟಿಕ್ ಕ್ಯಾಪ್ಸೂಲಿನಲ್ಲಿ ಹಾಕಿ, ಗಾಜಿನ ದೊಡ್ಡ ಪಾತ್ರೆಯಿಂದ ಎತ್ತಿದ್ದು. ಮೊದಲು ಎತ್ತಿದ ದಿನಾಂಕದಲ್ಲಿ ಹುಟ್ಟಿದವರಿಗೆ ಮೊದಲ ಕರೆ. ವಾಪಸ್ ಹಾಕುವ ಮಾತೇ ಇಲ್ಲ, ಅದು ಸರಿಯಾದ ಆಯ್ಕೆಯೇ. ಆದರೆ ಕ್ಯಾಪ್ಸೂಲುಗಳನ್ನು ತಿಂಗಳ ಕ್ರಮದಲ್ಲಿ ಸುರಿದಿದ್ದರು, ಕಲಸಿದ್ದು ಸಾಲಲಿಲ್ಲ. ಕೊನೆಗೆ ಸುರಿದ ತಿಂಗಳುಗಳು ಬೇಗ ಕೈಗೆ ಸಿಕ್ಕವು. ಆ ಸಾಲಿನಲ್ಲಿ ಕರೆ ಹೋದದ್ದು 195ನೇ ಸಂಖ್ಯೆಯ ತನಕ. ಡಿಸೆಂಬರಿನ 31 ದಿನಗಳಲ್ಲಿ 26 ಅದರೊಳಗೇ ಬಿದ್ದವು. ಸರಿಯಾಗಿ ಕಲಸಿದ್ದರೆ ಸರಾಸರಿ ಹದಿನಾರೂವರೆ ಬೀಳಬೇಕಿತ್ತು. ಮುಂದಿನ ವರ್ಷ ಬುದ್ಧಿ ಕಲಿತು ದಿನಾಂಕಕ್ಕೊಂದು, ಸಂಖ್ಯೆಗೊಂದು ಅಂತ ಎರಡು ಡ್ರಮ್ ಇಟ್ಟರು.

ಇಸ್ಪೀಟಿನಲ್ಲೂ ಇದೇ ಕಥೆ. 52 ಎಲೆಯ ಕಟ್ಟನ್ನು ಎರಡು ಭಾಗ ಮಾಡಿ ಪರಪರ ಬೆರೆಸುವ ವಿಧಾನದಲ್ಲಿ ಸುಮಾರು ಏಳು ಸಲ ಬೇಕು ಅಂತ ಬೇಯರ್ ಮತ್ತು ಡಯಾಕೊನಿಸ್ 1992ರಲ್ಲಿ ತೋರಿಸಿದರು. ಮೂರು ನಾಲ್ಕು ಸಲಕ್ಕೆ ನಿಲ್ಲಿಸಿದರೆ ಹಳೆಯ ಕ್ರಮದ ವಾಸನೆ ಉಳಿದಿರುತ್ತದೆ.

ಕೋಡ್ ಬರೆಯುವವರಿಗೆ ಒಂದು ಸಣ್ಣ ಲೆಕ್ಕ. ಮೂರು ಎಲೆ ಕಲಸಬೇಕು. ಪ್ರತಿ ಜಾಗಕ್ಕೂ ಹೋಗಿ, ಮೂರರಲ್ಲಿ ಯಾವುದಾದರೂ ಒಂದರ ಜೊತೆ ಅದಲುಬದಲು ಮಾಡುವ ಕೋಡ್ ಬರೆದಿರಿ. ನೋಡಲು ಸರಿಯಾಗೇ ಇದೆ. ಒಟ್ಟು ದಾರಿಗಳು 3 ಗುಣಿಸು 3 ಗುಣಿಸು 3, ಅಂದರೆ 27. ಮೂರು ಎಲೆಗಳನ್ನು ಜೋಡಿಸುವ ಕ್ರಮಗಳು 6. 27 ದಾರಿಗಳನ್ನು 6 ಕ್ರಮಗಳಿಗೆ ಸಮನಾಗಿ ಹಂಚಲು ಆಗುವುದೇ ಇಲ್ಲ! ಕೆಲವು ಕ್ರಮಗಳು ಜಾಸ್ತಿ ಬರಲೇಬೇಕು. 1938ರ ಫಿಶರ್ ಮತ್ತು ಯೇಟ್ಸ್ ವಿಧಾನದಲ್ಲಿ ಒಮ್ಮೆ ಆರಿಸಿದ್ದನ್ನು ಮತ್ತೆ ಮುಟ್ಟುವುದಿಲ್ಲ, ಅದರಿಂದ 3 ಗುಣಿಸು 2 ಗುಣಿಸು 1, ಸರಿಯಾಗಿ 6. ಇಲ್ಲೂ ವಾಪಸ್ ಹಾಕದಿರುವುದೇ ಗೆದ್ದಿತು ನೋಡಿ.

ನಿಮ್ಮ ಡೇಟಾ ಯಾವ ಜಾತಿ ಅಂತ ಪರೀಕ್ಷಿಸುವುದು

ಸ್ಯಾಂಪಲ್ ನೀವೇ ತೆಗೆದಿದ್ದರೆ ಹೇಗೆ ತೆಗೆದಿರಿ ಅಂತ ಗೊತ್ತಿರುತ್ತದೆ. ಬೇರೆ ಯಾರೋ ಕೊಟ್ಟ ಸಾಲು ಕೈಗೆ ಬಂದಾಗ ಏನು ಮಾಡುವುದು? ನಾನು ಮಾಡುವುದು ಕಲಸುವ ಪರೀಕ್ಷೆ. 40 ಆಯ್ಕೆಗಳ ಸಾಲು ಇದೆ, 20 ಕೆಂಪು, 20 ನೀಲಿ. ಪಕ್ಕಪಕ್ಕದ ಜೋಡಿಗಳು 39. ಅವುಗಳಲ್ಲಿ ಎಷ್ಟರಲ್ಲಿ ಎರಡೂ ಒಂದೇ ಬಣ್ಣ ಅಂತ ಎಣಿಸಿ. 29 ಬಂತು ಅನ್ನಿ. ಈಗ ಆ 40ನ್ನು ಕಂಪ್ಯೂಟರಿನಲ್ಲಿ ಸಾವಿರ ಸಲ ಕಲಸಿ, ಪ್ರತಿ ಸಲವೂ ಅದನ್ನೇ ಎಣಿಸಿ. ಸರಾಸರಿ 19 ಬರುತ್ತದೆ. 29 ಅಥವಾ ಅದಕ್ಕಿಂತ ಜಾಸ್ತಿ ಬರುವುದು ಸಾವಿರದಲ್ಲಿ ಒಂದೋ ಎರಡೋ ಸಲ. ಅಂದರೆ ನಿಮ್ಮ ಸಾಲಿನಲ್ಲಿ ಕೆಂಪು ಕೆಂಪನ್ನೇ ಕರೆಯುತ್ತಿದೆ. ಅದಕ್ಕೆ ವಿರುದ್ಧವಾಗಿ 9 ಬಂದಿದ್ದರೆ ತಳ್ಳುತ್ತಿದೆ. ಪಕ್ಕದ ಜೋಡಿಗಳನ್ನು ಮಾತ್ರ ನೋಡುವ ಈ ಪರೀಕ್ಷೆಗೆ ದೂರದ ಅವಲಂಬನೆ ಕಾಣಿಸುವುದಿಲ್ಲ, ಅದೊಂದು ಮಿತಿ.

ಸಾವಿರ ಸಲ ಕಲಸುವುದು ಯಾಕೆ, ಕೆಂಪಿನ ನಂತರ ಎಷ್ಟು ಪಾಲು ಕೆಂಪು ಬಂತು ಅಂತ ನೇರವಾಗಿ ಎಣಿಸಿ ಅರ್ಧದ ಜೊತೆ ಹೋಲಿಸಿದರೆ ಸಾಲದೇ ಅಂತ ಅನಿಸಬಹುದು. ಅಲ್ಲೊಂದು ಗುಂಡಿ ಇದೆ, ದೊಡ್ಡವರೇ ಬಿದ್ದಿದ್ದಾರೆ. ನಾಣ್ಯವನ್ನು ಮೂರು ಸಲ ಚಿಮ್ಮಿಸಿ. ಎಂಟು ಸಾಲುಗಳು ಸಾಧ್ಯ. ಅವುಗಳಲ್ಲಿ ಆರರಲ್ಲಿ ಮಾತ್ರ "ಹೆಡ್ ಆದ ಮೇಲೆ ಏನು" ಅಂತ ಕೇಳಬಹುದು. ಉಳಿದೆರಡರಲ್ಲಿ ಮೊದಲ ಎರಡು ಚಿಮ್ಮಿಕೆಯಲ್ಲಿ ಹೆಡ್ಡೇ ಇಲ್ಲ. ಆ ಆರು ಸಾಲುಗಳಲ್ಲಿ ಹೆಡ್ ಆದ ಮೇಲೆ ಹೆಡ್ ಬಂದ ಪಾಲು ಕ್ರಮವಾಗಿ 1, 1/2, 0, 0, 1, 0. ಸರಾಸರಿ 5/12. ಅರ್ಧ ಅಲ್ಲ! ನಾಣ್ಯ ಪೂರ್ತಿ ಸ್ವತಂತ್ರ, ಆದರೂ ಸಾಲಿಗೊಂದು ಪಾಲು ತೆಗೆದು ಸರಾಸರಿ ಮಾಡಿದ ಕೂಡಲೇ ಹೆಡ್ ಹೆಡ್ಡನ್ನು ತಳ್ಳುತ್ತಿರುವ ಹಾಗೆ ಕಾಣುತ್ತದೆ.

ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ "ಕೈ ಕುದುರುವುದು" (ಒಂದು ಎಸೆತ ಬಿದ್ದ ಮೇಲೆ ಮುಂದಿನದೂ ಬೀಳುವ ಸಾಧ್ಯತೆ ಹೆಚ್ಚುವುದು) ಬರೀ ಭ್ರಮೆ ಅಂತ 1985ರಲ್ಲಿ ಗಿಲೋವಿಚ್, ವಲೋನ್ ಮತ್ತು ಟ್ವೆರ್ಸ್ಕಿ ಬರೆದ ಹೆಸರಾಂತ ಪ್ರಬಂಧದ ಒಂದು ಭಾಗದ ಲೆಕ್ಕ ಇದೇ ಗುಂಡಿಯಲ್ಲಿ ಬಿದ್ದಿತ್ತು. ಅದನ್ನು ಜೋಶುವಾ ಮಿಲರ್ ಮತ್ತು ಆಡಮ್ ಸಂಹುರ್ಹೊ ಎತ್ತಿ ತೋರಿಸಿದ ಪ್ರಬಂಧ ಪ್ರಕಟವಾದದ್ದು 2018ರಲ್ಲಿ. ಸುಮಾರು ಮೂವತ್ತು ವರ್ಷ ಯಾರ ಕಣ್ಣಿಗೂ ಸರಿಯಾಗಿ ಬಿದ್ದಿರಲಿಲ್ಲ. ಕಲಸುವ ಪರೀಕ್ಷೆ ಮಾಡಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಅಳತೆಗೋಲು ಎಷ್ಟು ಸೊಟ್ಟಗಿದೆಯೋ ಅಷ್ಟೇ ಸೊಟ್ಟಗೆ ಕಲಸಿದ ಸಾವಿರ ಸಾಲುಗಳನ್ನೂ ಅಳೆಯುತ್ತದೆ. ಆಗ ನೀವು ಹೋಲಿಸುವುದು ಅರ್ಧದ ಜೊತೆಗಲ್ಲ, ಅದೇ ಸೊಟ್ಟ ಗೋಲಿನಲ್ಲಿ ಅಳೆದ ಇನ್ನೊಂದು ಸಾಲಿನ ಜೊತೆಗೆ.